ಪ್ರೋಗ್ರಾಮಿಂಗ್ ಬಾರದ ವಿಷಯತಜ್ಞರು ಕನ್ನಡದಲ್ಲಿ ಆನ್‌ಲೈನ್ ಪಾಠ ಮಾಡುವುದು ಹೇಗೆ? ವಿಷಯ: ಅಡಿಕೆಯ ಕೊಳೆರೋಗ

ಪೆರ್ಲ_ತೋಟ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಅಡಿಕೆಯ ಕೊಳೆರೋಗ ಮತ್ತು ಅದಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದ ಬಗ್ಗೆ ಕನ್ನಡದಲ್ಲಿ ಒಂದು ಪಾಠ ಮಾಡಬೇಕೆಂದಿದೆ. ಕಲಿಯುವವರು ಎರಡು ಬಗೆ: ಇಲ್ಲಿನ ಕನ್ನಡ ಮಾಧ್ಯಮ ಹೈಸ್ಕೂಲಿನ ಮಕ್ಕಳು, ಮತ್ತೆ ತೋಟದ ಕೆಲಸಕ್ಕೆ ಹೊಸದಾಗಿ ಇಳಿದ ಹುಡುಗರು. ವಿಷಯವೆಲ್ಲ ಬರೆದಿಟ್ಟಾಗಿದೆ, ಫೋಟೋಗಳೂ ಇವೆ. ಪ್ರೋಗ್ರಾಮಿಂಗ್ ಗೊತ್ತಿಲ್ಲ, ಕಲಿಯುವ ಉದ್ದೇಶವೂ ಇಲ್ಲ.

ಪಿಡಿಎಫ್ ಮಾಡಿ ಹಂಚಿದರೆ ಸಾಲದೇ ಎಂದು ಕೇಳಬಹುದು. ಶೇ. 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತು (ತಾಮ್ರದ ಸಲ್ಫೇಟ್), 1 ಕಿಲೋ ಸುಣ್ಣ, 100 ಲೀಟರ್ ನೀರು ಎಂಬ ಲೆಕ್ಕ ಎಲ್ಲರಿಗೂ ಬಾಯಿಪಾಠವೇ. ಎಡವುವುದು ಕೆಲಸದ ಕ್ರಮದಲ್ಲಿ. ತುತ್ತನ್ನು ಕಬ್ಬಿಣದ ಬಾಲ್ದಿಯಲ್ಲಿ ಕರಗಿಸುತ್ತಾರೆ, ತಾಮ್ರ ಬಾಲ್ದಿಗೇ ಹಿಡಿಯುತ್ತದೆ. ಗಾಳಿಗೆ ಬಿಟ್ಟು ಪುಡಿಯಾದ ಹಳೆ ಸುಣ್ಣ ಹಾಕುತ್ತಾರೆ, ಅದರಲ್ಲಿ ತುತ್ತಿನ ಹುಳಿ ಮುರಿಯುವ ಶಕ್ತಿ ಉಳಿದಿರುವುದಿಲ್ಲ. ಹುಳಿ ಪೂರ್ತಿ ಮುರಿದಿದೆಯೇ ಎಂದು ಕತ್ತಿ ಅದ್ದಿ ನೋಡುವುದಿಲ್ಲ. ಇಂದು ಮಾಡಿದ ಮದ್ದನ್ನು ನಾಳೆ ಬಿಡುತ್ತಾರೆ (ಸಿಂಪಡಿಸುತ್ತಾರೆ), ಅಷ್ಟರಲ್ಲಿ ಕಣಗಳು ಒಟ್ಟುಗೂಡಿ ತಳ ಹಿಡಿದು ಗೊನೆಗೆ ಅಂಟುವ ಗುಣ ಹೋಗಿರುತ್ತದೆ. ಓದಿಕೊಂಡು ಹೋದರೆ ಇದು ತಲೆಗೆ ಹತ್ತುವುದಿಲ್ಲ. ಕಲಿಯುವವನೇ ಆಯ್ಕೆ ಮಾಡಬೇಕು, ತಪ್ಪಿದರೆ ಏನಾಗುತ್ತದೆಂದು ಅಲ್ಲೇ ಕಾಣಬೇಕು. ಅಂಥ ಪಾಠ ಬೇಕು.

ಹಾಗಾಗಿ ಕೇಳುವುದು: ಯಾವ ಸಾಧನ ಹಿಡಿಯಲಿ? ನೆಟ್ ಸಿಗದ ಕಡೆ ಫೋನಿನಲ್ಲಿ ತೆರೆಯುವ ಹಾಗೆ ಮಾಡಬಹುದೇ? ಕನ್ನಡ ಅಕ್ಷರ ಸರಿ ಬರುತ್ತದೆಯೇ? ನಾಳೆ ಬೇರೆಯವರು ತಿದ್ದಿ ಬಳಸಲು ಸಾಧ್ಯವೇ? ಹಣ ಕೊಟ್ಟು ಕೊಳ್ಳುವ ಸಾಫ್ಟ್‌ವೇರ್ ಬೇಡ.

ಬದಿಯಡ್ಕ_ಟೀಚರ್:

ಅಣ್ಣ, ನೀವು ಬರೆದ ಎರಡನೇ ಪ್ಯಾರಾದಲ್ಲೇ ಮುಕ್ಕಾಲು ಪಾಠ ಇದೆ. ಸಾಫ್ಟ್‌ವೇರ್ ಮುಟ್ಟುವ ಮೊದಲು ಕಾಗದದಲ್ಲಿ ಮೂರು ಕಾಲಂ ಎಳೆಯಿರಿ. ಮೊದಲನೆಯದರಲ್ಲಿ ತೋಟದಲ್ಲಿ ಮಾಡಬೇಕಾದ ಒಂದೊಂದು ತೀರ್ಮಾನ, ಎರಡನೆಯದರಲ್ಲಿ ಜನ ನಿಜವಾಗಿ ಮಾಡುವ ತಪ್ಪು, ಮೂರನೆಯದರಲ್ಲಿ ಆ ತಪ್ಪಿನಿಂದ ಆಗುವುದು. ಎರಡನೇ ಕಾಲಂ ತುಂಬಲು ವಿಷಯ ಗೊತ್ತಿದ್ದವರಿಗೆ ಮಾತ್ರ ಸಾಧ್ಯ. ಪ್ರೋಗ್ರಾಮರ್ ಎಷ್ಟು ಚಂದ ಪುಟ ಮಾಡಿದರೂ ಅಲ್ಲಿ "ಮೇಲಿನ ಯಾವುದೂ ಅಲ್ಲ" ಎಂದು ತುಂಬಿಸಿಯಾನು, ಅಷ್ಟೇ. ಆ ಕಾಲಂ ಖಾಲಿ ಉಳಿದ ತೀರ್ಮಾನಕ್ಕೆ ಪ್ರಶ್ನೆ ಮಾಡಬೇಡಿ, ವಿವರಣೆ ಸಾಕು.

ಸಾಧನಕ್ಕೆ ಬರೋಣ. ನಿಮ್ಮ ಕೆಲಸಕ್ಕೆ ಎಚ್‌ಫೈವ್‌ಪಿ. ಒತ್ತಿ ಉತ್ತರಿಸುವಂಥ ಚಟುವಟಿಕೆಗಳನ್ನು ಪ್ರೋಗ್ರಾಮಿಂಗ್ ಇಲ್ಲದೆ ಮಾಡುವ ಸಾಧನ ಇದು, ನಾರ್ವೆಯಲ್ಲಿ 2013ರ ಹೊತ್ತಿಗೆ ಹುಟ್ಟಿದ್ದು, ಮುಕ್ತ ತಂತ್ರಾಂಶ. ಅದನ್ನು ಸ್ವಂತ ಕಂಪ್ಯೂಟರಿನಲ್ಲೇ ಬಳಸಲು ಲೂಮಿ ಎಂಬ ಉಚಿತ ತಂತ್ರಾಂಶವಿದೆ. ವಿಂಡೋಸಿಗೂ ಸಿಗುತ್ತದೆ, ಲಿನಕ್ಸಿಗೂ ಸಿಗುತ್ತದೆ. ಮೊದಲ ಸಲ ತೆರೆದಾಗ ನೆಟ್ ಇರಲೇಬೇಕು, ಪ್ರಶ್ನೆಯ ಬಗೆಗಳನ್ನು ಒಂದೊಂದಾಗಿ ಇಳಿಸಿಕೊಳ್ಳುತ್ತದೆ. ಬೇಕಾದದ್ದನ್ನೆಲ್ಲ ಒಮ್ಮೆ ಇಳಿಸಿಟ್ಟರೆ ಆಮೇಲೆ ನೆಟ್ಟಿನ ಹಂಗಿಲ್ಲ.

ಬಗೆಗಳು ಐವತ್ತರ ಹತ್ತಿರ ಇವೆ. ಎಲ್ಲವನ್ನೂ ಒತ್ತಿ ನೋಡುತ್ತ ಕೂತರೆ ದಿನ ಹೋಗುತ್ತದೆ. ನಿಮಗೆ ಮುಖ್ಯವಾಗಿ ಮೂರು ಸಾಕು.

ಒಂದು, ಮಲ್ಟಿಪಲ್ ಚಾಯ್ಸ್. ಇದರಲ್ಲಿ ಪ್ರತಿ ಆಯ್ಕೆಯ ಕೆಳಗೆ "ಟಿಪ್ಸ್ ಆಂಡ್ ಫೀಡ್‌ಬ್ಯಾಕ್" ಎಂಬ ಮಡಚಿದ ಭಾಗವಿದೆ. ಬಹಳ ಮಂದಿ ಅದನ್ನು ತೆರೆಯುವುದೇ ಇಲ್ಲ. ತೆರೆದು, ಆ ಆಯ್ಕೆ ಒತ್ತಿದಾಗ ಕಾಣುವ ಮಾತಿನ ಜಾಗದಲ್ಲಿ ನಿಮ್ಮ ಮೂರನೇ ಕಾಲಂ ಹಾಕಿ. "ಕಬ್ಬಿಣದ ಬಾಲ್ದಿ" ಒತ್ತಿದವನಿಗೆ "ತಪ್ಪು" ಎಂದಷ್ಟೇ ಬಂದರೆ ಏನೂ ಕಲಿತ ಹಾಗಾಗಲಿಲ್ಲ. "ತಾಮ್ರ ಬಾಲ್ದಿಯ ಒಳಮೈಗೆ ಹಿಡಿಯುತ್ತದೆ, ದ್ರಾವಣದಲ್ಲಿ ಅಷ್ಟು ಕಡಿಮೆಯಾಗುತ್ತದೆ, ಪ್ಲಾಸ್ಟಿಕ್ ಡ್ರಮ್ ಬಳಸಿ" ಎಂದು ಬರಬೇಕು. ಸಿಂಗಲ್ ಚಾಯ್ಸ್ ಸೆಟ್ ಎಂಬ ಇನ್ನೊಂದು ಬಗೆ ನೋಡಲು ಹಗುರ, ಆದರೆ ಅದರಲ್ಲಿ ಆಯ್ಕೆವಾರು ವಿವರಣೆಗೆ ಜಾಗವಿಲ್ಲ. ಮೊದಲು ಬರೆದ ಆಯ್ಕೆಯೇ ಸರಿಯುತ್ತರ ಎಂದೂ ಅದು ಹಿಡಿಯುತ್ತದೆ. ನಿಮಗದು ಬೇಡ.

ಎರಡು, ಸಾರ್ಟ್ ದ ಪ್ಯಾರಾಗ್ರಾಫ್ಸ್. ಹಂತಗಳನ್ನು ಸರಿಯಾದ ಕ್ರಮದಲ್ಲಿ ಬರೆದು ಕೊಟ್ಟರೆ ಅದೇ ಕಲಸಿ ತೋರಿಸುತ್ತದೆ, ಕಲಿಯುವವರು ಎಳೆದು ಜೋಡಿಸಬೇಕು. ಇಲ್ಲೊಂದು ಎಚ್ಚರ. 50 ಲೀಟರಿನಲ್ಲಿ ತುತ್ತು ಕರಗಿಸುವುದು, ಇನ್ನೊಂದು ಡ್ರಮ್ಮಿನ 50 ಲೀಟರಿನಲ್ಲಿ ಸುಣ್ಣದ ಹಾಲು ಮಾಡುವುದು, ಇವೆರಡರಲ್ಲಿ ಯಾವುದು ಮೊದಲಾದರೂ ತೊಂದರೆಯಿಲ್ಲ. ಬೇರೆ ಬೇರೆ ಹಂತವಾಗಿ ಕೊಟ್ಟರೆ ಸರಿಯಾಗಿ ಜೋಡಿಸಿದವನಿಗೂ ತಪ್ಪು ಬೀಳುತ್ತದೆ. ಹಿಂದೆಮುಂದೆ ಮಾಡಬಹುದಾದವನ್ನು ಒಂದೇ ತುಂಡಿನಲ್ಲಿ ಸೇರಿಸಿ. ತುತ್ತಿನ ನೀರನ್ನು ಸುಣ್ಣದ ನೀರಿಗೆ ನಿಧಾನ ಸುರಿಯುತ್ತ ಕಲಕುವುದು, ಕತ್ತಿ ಪರೀಕ್ಷೆ, ಕೆಂಪು ಕಂಡರೆ ಸುಣ್ಣ ಸೇರಿಸುವುದು, ಸೋಸುವುದು, ಅದೇ ದಿನ ಬಿಡುವುದು: ಕ್ರಮ ಮುಖ್ಯವಾಗುವುದು ಇವುಗಳಲ್ಲಿ.

ಮೂರು, ಬ್ರಾಂಚಿಂಗ್ ಸಿನಾರಿಯೋ. ನೀವು ಕೇಳಿದ "ತಪ್ಪಿದರೆ ಏನಾಗುತ್ತದೆಂದು ಅಲ್ಲೇ ಕಾಣಬೇಕು" ಎಂಬುದು ಪೂರ್ತಿ ಸಿಗುವುದು ಇದರಲ್ಲಿ. ಒಂದು ಸನ್ನಿವೇಶ, ಮೂರು ಆಯ್ಕೆ, ಒಂದೊಂದಕ್ಕೂ ಬೇರೆ ದಾರಿ. ಆದರೆ ಕವಲು ಬಿಟ್ಟುಕೊಂಡೇ ಹೋಗಬೇಡಿ. ನಾಲ್ಕು ಹಂತಕ್ಕೆ ಮೂರು ಮೂರು ಕವಲೆಂದರೆ ಕೊನೆಗೆ 81 ತುದಿ, ಅಷ್ಟಕ್ಕೂ ಬರೆಯಲು ಯಾರಿಂದಲೂ ಆಗದು. ತಪ್ಪು ದಾರಿಗೆ ಪರಿಣಾಮ ತೋರಿಸುವ ಒಂದೇ ಪುಟ ಕೊಟ್ಟು, ಅಲ್ಲಿಂದ ಮುಖ್ಯ ದಾರಿಗೆ ವಾಪಸ್ ಕಳಿಸಿ. ಪುಟದ ಮುಂದಿನ ಹೆಜ್ಜೆಯಾಗಿ ಹೊಸ ಪುಟ ಮಾಡುವ ಬದಲು ಈಗಾಗಲೇ ಇರುವ ಪುಟಕ್ಕೆ ಜಿಗಿಯುವ ಆಯ್ಕೆ ಅದರಲ್ಲೇ ಇದೆ. ಹೀಗೆ ಮಾಡಿದರೆ ನಾಲ್ಕು ತೀರ್ಮಾನಕ್ಕೆ ಹನ್ನೆರಡು ಹದಿಮೂರು ಪುಟದಲ್ಲಿ ಮುಗಿಯುತ್ತದೆ.

ವಿಡಿಯೋ ಒಂದೇ ಒಂದು ಸಾಕು, ಕತ್ತಿ ಪರೀಕ್ಷೆಯದ್ದು. ಹೊಳೆಯುವ ಕತ್ತಿ ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಪದರ ಹಿಡಿಯುವುದು ಫೋಟೋದಲ್ಲಿ ಸ್ಪಷ್ಟವಾಗಿ ಗೊತ್ತಾಗುವುದಿಲ್ಲ. 20 ಸೆಕೆಂಡಿನ ತುಂಡು ಸಾಕು. ಅದನ್ನು ಇಂಟರಾಕ್ಟಿವ್ ವಿಡಿಯೋ ಎಂಬ ಬಗೆಯಲ್ಲಿ ಹಾಕಿ, ಕೆಂಪು ಕಾಣುವ ಕ್ಷಣದಲ್ಲಿ ನಿಲ್ಲಿಸಿ "ಈಗ ಏನು ಸೇರಿಸಬೇಕು?" ಎಂದು ಕೇಳಬಹುದು. ತಪ್ಪಿದವರನ್ನು ಇಂತಿಷ್ಟನೇ ಸೆಕೆಂಡಿಗೆ ಹಿಂದೆ ಕಳಿಸುವ ಏರ್ಪಾಡೂ ಅದರಲ್ಲಿದೆ. ಉಳಿದ ಕಡೆಯೆಲ್ಲ ಫೋಟೋ.

ಬಟನ್ನುಗಳ ಇಂಗ್ಲಿಷ್ ಮಾತುಗಳನ್ನು ನೀವೇ ಬದಲಾಯಿಸಬೇಕು. ಸಂಪಾದಿಸುವ ಪುಟದ ಕೊನೆಯಲ್ಲಿ "ಟೆಕ್ಸ್ಟ್ ಓವರ್‌ರೈಡ್ಸ್ ಆಂಡ್ ಟ್ರಾನ್ಸ್‌ಲೇಶನ್ಸ್" ಇದೆ. ಚೆಕ್ ಎಂಬಲ್ಲಿ "ಪರೀಕ್ಷಿಸು", ರಿಟ್ರೈ ಎಂಬಲ್ಲಿ "ಮತ್ತೊಮ್ಮೆ ಮಾಡು". ಅಂಕ ತೋರಿಸುವ ಸಾಲುಗಳಲ್ಲಿ ಅಟ್ ಗುರುತು ಅಥವಾ ಕೋಲನ್ನಿನಿಂದ ಶುರುವಾಗುವ ಇಂಗ್ಲಿಷ್ ಪದ ಇದ್ದರೆ ಅದನ್ನು ಇದ್ದ ಹಾಗೇ ಬಿಡಿ, ಅಂಕ ಬಂದು ಕೂರುವುದು ಅಲ್ಲೇ. ಪ್ರತಿ ಪ್ರಶ್ನೆಗೂ ಈ ಕೆಲಸ ಮಾಡಬೇಕಾಗಿಲ್ಲ. ಒಂದು ಪ್ರಶ್ನೆ ಪೂರ್ತಿ ಕನ್ನಡ ಮಾಡಿ, ಕಾಪಿ ಒತ್ತಿ, ಮುಂದಿನ ಜಾಗದಲ್ಲಿ ಪೇಸ್ಟ್ ಮಾಡಿ ಒಳಗಿನ ಪ್ರಶ್ನೆ ಮಾತ್ರ ಬದಲಿಸಿ.

ಅಕ್ಕಲಕೋಟೆ_ಮಾಸ್ತರ:

ಟೀಚರ್ ಹೇಳಿದ್ದೆಲ್ಲ ಖರೆ, ಆದರ ಒಂದು ಮಾತು ಸೇರಸ್ತೀನಿ. ಎಚ್‌ಫೈವ್‌ಪಿ ಒಂದೊಂದು ಚಟುವಟಿಕೆಗೆ ಭಾಳ ಛಲೋ. ಓದೂ ಪಾಠ ದೊಡ್ಡದಿದ್ದು, ಎಡಗಡೆ ಪರಿವಿಡಿ, ಒಳಗ ಹತ್ತಿಪ್ಪತ್ತು ಪುಟ, ನಡುನಡುವ ಪ್ರಶ್ನೆ ಬೇಕಂದ್ರ ಈಎಕ್ಸ್‌ಇ ಲರ್ನಿಂಗ್ ನೋಡ್ರಿ. ನ್ಯೂಜಿಲೆಂಡಿನ್ಯಾಗ ಶುರುವಾದದ್ದು, ಈಗ ಸ್ಪೇನಿನ ಶಿಕ್ಷಣ ಇಲಾಖೆಯವರು ಬೆಳಸ್ಯಾರ. ಉಚಿತ.

ಅದರ ರೀತಿ ಸರಳ ಐತಿ. ಎಡಗಡೆ ಪುಟಗಳ ಗಿಡ ಕಟ್ಟೋದು, ಪ್ರತಿ ಪುಟದಾಗ "ಐಡಿವೈಸ್" ಅನ್ನೋ ತುಂಡುಗಳನ್ನ ಇಡೋದು. ಪಠ್ಯದ ತುಂಡು, ಚಿತ್ರದ ತುಂಡು, ಸರಿ-ತಪ್ಪು ಪ್ರಶ್ನೆಯ ತುಂಡು. ಮುಗಿದ ಮ್ಯಾಲೆ ವೆಬ್‌ಸೈಟ್ ಫೋಲ್ಡರ್ ಆಗಿ, ಒಂದೇ ಉದ್ದ ಪುಟ ಆಗಿ, ಇಪಬ್ ಪುಸ್ತಕ ಆಗಿ, ಇಲ್ಲಾ ಕಲಿಕೆಯ ಜಾಲತಾಣಕ್ಕ ಏರಿಸೋ ಸ್ಕಾರ್ಮ್ ಪೊಟ್ಟಣ ಆಗಿ ಹೊರಗ ತಗೀಬಹುದು. ಶಾಲೆಯ ಕಂಪ್ಯೂಟರ್ ಕೋಣೆಗೆ ಫೋಲ್ಡರ್ ರೂಪ ಬೇಷ್. ಪೆನ್‌ಡ್ರೈವಿನಿಂದ ಹಾಕಿ ಮೊದಲ ಪುಟ ಫೈರ್‌ಫಾಕ್ಸಿನ್ಯಾಗ ತೆಗೆದ್ರ ಆತು. ಫೋನಿಗೆ ಫೋಲ್ಡರ್ ಕಳಸಬ್ಯಾಡ್ರಿ, ಜಿಪ್ ಬಿಚ್ಚೋದ್ರಾಗ ಹುಡುಗ್ರು ಸೋಲ್ತಾರ. ಇಪಬ್ ಕಳಸಿದ್ರ ಓದಾಕ ಬರ್ತದ, ಆದರ ಭಾಳಷ್ಟು ಇಪಬ್ ಓದುಗಗಳೊಳಗ ಪ್ರಶ್ನೆ ಓಡಂಗಿಲ್ಲ.

ಇನ್ನೊಂದು ಗಡಿನಾಡಿನವರೆಲ್ಲ ವಿಚಾರ ಮಾಡಬೇಕಾದ್ದು. ನಿಮ್ಮ ಕಡೆ ಕನ್ನಡ ಮಾಧ್ಯಮದ ಪುಸ್ತಕ ಕೇರಳದ ಎಸ್‌ಸಿಇಆರ್‌ಟಿಯವರದು, ನಮ್ಮ ಮಹಾರಾಷ್ಟ್ರದಾಗ ಬಾಲಭಾರತಿಯವರದು, ಕರ್ನಾಟಕದ್ದು ಬ್ಯಾರೆ. "8ನೇ ತರಗತಿ, 3ನೇ ಪಾಠ" ಅಂತ ಹೆಸರು ಕೊಟ್ಟು ಮಾಡಿದ್ರ ಪಠ್ಯ ಬದಲಾದ ವರ್ಷ ನಿಮ್ಮ ಕೆಲಸ ಮೂಲೆಗೆ ಬೀಳ್ತದ, ಮತ್ತ ಆಚೆ ರಾಜ್ಯದವರು ಅದನ್ನ ತೆರೆದೂ ನೋಡಂಗಿಲ್ಲ. ಒಂದು ಪರಿಕಲ್ಪನೆಗೆ ಒಂದು ಸಣ್ಣ ಪಾಠ ಮಾಡ್ರಿ. "ಆಮ್ಲ ಮತ್ತು ಪ್ರತ್ಯಾಮ್ಲ ಸೇರಿದಾಗ: ತುತ್ತು ಮತ್ತು ಸುಣ್ಣ" ಅಂದ್ರ ರಸಾಯನಶಾಸ್ತ್ರ ಕಲಿಸೋರು ಎಲ್ಲೇ ಇರಲಿ ತಗೋತಾರ. ತೋಟ ಕಾಣದ ನಮ್ಮ ಸೊಲ್ಲಾಪುರ ಜಿಲ್ಲೆಯ ಹುಡುಗರಿಗೂ ಅದು ಉಪಯೋಗ, ಇಲ್ಲಿ ದ್ರಾಕ್ಷಿಗೆ ಇದೇ ಬೋರ್ಡೋ ಹೊಡೀತಾರ.

ಮಂಜೇಶ್ವರ_ಲಿಪಿ:

ಕನ್ನಡ ಅಕ್ಷರದ ಪ್ರಶ್ನೆಗೆ ಉತ್ತರ. ತೋರಿಸುವುದರಲ್ಲಿ ಸಮಸ್ಯೆ ಕಡಿಮೆ, ಉತ್ತರ ಹೊಂದಿಸಿ ನೋಡುವುದರಲ್ಲಿ ಹೆಚ್ಚು.

ನೀವು ಬರೆದಿಟ್ಟದ್ದು ಹಳೆಯ ನುಡಿ ಅಥವಾ ಬರಹ ತಂತ್ರಾಂಶದ ಆಸ್ಕಿ ಅಕ್ಷರದಲ್ಲಿದ್ದರೆ (ಯೂನಿಕೋಡಿಗೆ ಮೊದಲಿನ ಪದ್ಧತಿ) ನೇರ ಪೇಸ್ಟ್ ಮಾಡಿದಾಗ ರೋಮನ್ ಅಕ್ಷರ ಮತ್ತು ಚಿಹ್ನೆಗಳ ರಾಶಿ ಬೀಳುತ್ತದೆ. ಮೊದಲು ಯೂನಿಕೋಡಿಗೆ ಪರಿವರ್ತಿಸಿ. ಪರಿವರ್ತಿಸಿದ ಮೇಲೆ ಒಂದು ಸಲ ಕಣ್ಣು ಹಾಯಿಸಲೇಬೇಕು. ಅರ್ಕಾವತ್ತು ಇರುವ ಪದಗಳು ಮತ್ತು ಎರಡು ಒತ್ತು ಇರುವ "ರಾಷ್ಟ್ರ", "ಶಾಸ್ತ್ರ"ದಂಥವು ಹಾಳಾಗುವುದು ಜಾಸ್ತಿ.

ಎಲ್ಲಕ್ಕಿಂತ ಕಾಡುವುದು ಸೊನ್ನೆ. ಆಸ್ಕಿ ಕಾಲದ ಅಭ್ಯಾಸದಿಂದ ಅನುಸ್ವಾರದ ಜಾಗದಲ್ಲಿ ಕನ್ನಡ ಅಂಕಿಯ ಸೊನ್ನೆ ಒತ್ತುವವರಿದ್ದಾರೆ. ಪರದೆಯ ಮೇಲೆ "ಹಿಂಗಾರ" ಎರಡು ರೀತಿ ಬರೆದರೂ ಒಂದೇ ತೆರ ಕಾಣುತ್ತದೆ. ಯಂತ್ರಕ್ಕೆ ಎರಡೂ ಬೇರೆ ಬೇರೆ ಅಕ್ಷರ. ಖಾಲಿ ಜಾಗ ತುಂಬುವ ಪ್ರಶ್ನೆಯಲ್ಲಿ ನಿಮ್ಮ ಉತ್ತರದಲ್ಲಿ ಅಂಕಿಯ ಸೊನ್ನೆ ಕೂತಿದ್ದರೆ, ಮಗು ಸರಿಯಾಗಿ ಅನುಸ್ವಾರ ಹಾಕಿ ಬರೆದರೂ ತಪ್ಪೆನ್ನುತ್ತದೆ, ಏಕೆಂದು ಯಾರಿಗೂ ಗೊತ್ತಾಗುವುದಿಲ್ಲ. ಬರೆದಿಟ್ಟ ಫೈಲನ್ನು ಒಮ್ಮೆ ನೋಟ್‌ಪ್ಯಾಡಿನಂಥ ಪಠ್ಯ ಸಂಪಾದಕದಲ್ಲಿ ತೆರೆದು ಅಂಕಿಯ ಸೊನ್ನೆ ಹುಡುಕಿ, ಅಕ್ಷರದ ಬೆನ್ನಿಗೇ ಕೂತದ್ದನ್ನೆಲ್ಲ ಅನುಸ್ವಾರಕ್ಕೆ ಬದಲಿಸಿ. ಪಾಠದಲ್ಲಿ 1, 2, 3 ಎಂಬ ಅಂಕಿಯನ್ನೇ ಬಳಸಿದರೆ ಈ ಹುಡುಕಾಟ ಸುಲಭ. ಕಣ್ಣಿಗೆ ಕಾಣದ ಜೋಡಕ, ಬಿಡಿಸುವ ಗುರುತುಗಳೂ ಇದೇ ತೊಂದರೆ ಕೊಡುತ್ತವೆ. "ಸಾಫ್ಟ್‌ವೇರ್" ಎಂಬುದರ ನಡುವೆ ಅಂಥದ್ದೊಂದು ಅಡಗಿದೆ. ಉತ್ತರವಾಗಿ ಇಂಥ ಪದ ಕೇಳಬೇಡಿ.

ಎಚ್‌ಫೈವ್‌ಪಿಯ ಫಿಲ್ ಇನ್ ದ ಬ್ಲ್ಯಾಂಕ್ಸ್‌ನಲ್ಲಿ "ಸಣ್ಣಪುಟ್ಟ ಕಾಗುಣಿತದ ತಪ್ಪು ಒಪ್ಪಿಕೊ" ಎಂಬ ಅರ್ಥದ ಆಯ್ಕೆ ಇದೆ. ಇಂಗ್ಲಿಷಿಗೆ ಅದು ಉಪಕಾರ, ಕನ್ನಡಕ್ಕೆ ಅಪಾಯ. 3ರಿಂದ 9 ಅಕ್ಷರದ ಉತ್ತರದಲ್ಲಿ ಒಂದು ತಪ್ಪನ್ನು ಅದು ಮನ್ನಿಸುತ್ತದೆ. ಆದರೆ ಅದು ಎಣಿಸುವುದು ನಾವು ಎಣಿಸುವ ಅಕ್ಷರವನ್ನಲ್ಲ. ವ್ಯಂಜನ, ಸ್ವರಚಿಹ್ನೆ, ಅರ್ಧಾಕ್ಷರದ ಗುರುತು ಎಲ್ಲವನ್ನೂ ಬಿಡಿಬಿಡಿಯಾಗಿ. "ಸುಣ್ಣ" ಎರಡೇ ಅಕ್ಷರದ ಪದವಾದರೂ ಅದರ ಲೆಕ್ಕದಲ್ಲಿ ಐದು. ಮಗು "ಸಣ್ಣ" ಎಂದು ಬರೆದರೆ ಒಂದು ಗುರುತು ಮಾತ್ರ ಕಡಿಮೆ, ಹಾಗಾಗಿ ಸರಿ ಎಂದು ಅಂಕ ಕೊಡುತ್ತದೆ. ಆ ಆಯ್ಕೆ ಒತ್ತಬೇಡಿ. ಬದಲಿಗೆ ಒಪ್ಪಬಹುದಾದ ರೂಪಗಳನ್ನು ನೀವೇ ಓರೆಗೆರೆ ಹಾಕಿ ಕೊಡಿ: \*ಅಡಿಕೆ/ಅಡಕೆ\*, \*ಕೊಳೆರೋಗ/ಕೊಳೆ ರೋಗ/ಮಹಾಳಿ\*. ನಕ್ಷತ್ರಗಳ ನಡುವೆ ಇರುವುದು ಉತ್ತರ.

ವಾಕ್ಯ ಕಟ್ಟುವಾಗ ವಿಭಕ್ತಿ ನೋಡಿಕೊಳ್ಳಿ. "ನೀರಿನಲ್ಲಿ ____ ಕರಗಿಸಬೇಕು" ಎಂದರೆ ಒಬ್ಬರು "ಮೈಲುತುತ್ತು" ಎನ್ನುತ್ತಾರೆ, ಇನ್ನೊಬ್ಬರು "ಮೈಲುತುತ್ತನ್ನು", ಮತ್ತೊಬ್ಬರು "ತುತ್ತು". ಎಲ್ಲವೂ ಸರಿಯೇ. "ನೀರಿನಲ್ಲಿ ಕರಗಿಸಬೇಕಾದ ನೀಲಿ ಹರಳಿನ ಹೆಸರು: ____" ಎಂದು ತಿರುಗಿಸಿದರೆ ಪ್ರತ್ಯಯದ ಗೊಂದಲ ಇಲ್ಲ. ಅದಕ್ಕಿಂತಲೂ ಒಳ್ಳೆಯದು ಟೈಪ್ ಮಾಡಿಸದೇ ಇರುವುದು. ಡ್ರ್ಯಾಗ್ ದ ವರ್ಡ್ಸ್‌ನಲ್ಲಿ ಪದ ಎಳೆದು ಇಟ್ಟರಾಯಿತು, ಫೋನಿನಲ್ಲಿ ಕನ್ನಡ ಕೀಲಿಮಣೆ ಇಲ್ಲದವರಿಗೂ ಆಗುತ್ತದೆ. ಅಲ್ಲಿ ಮಾತ್ರ ಎಲ್ಲ ಪದಕ್ಕೂ ಒಂದೇ ವಿಭಕ್ತಿ ಕೊಡಿ. "ಡ್ರಮ್ಮಿನಲ್ಲಿ", "ಸುಣ್ಣವನ್ನು", "ಕತ್ತಿಯಿಂದ" ಎಂದು ಬೇರೆ ಬೇರೆ ಇದ್ದರೆ ವಿಷಯ ಗೊತ್ತಿಲ್ಲದವರೂ ವ್ಯಾಕರಣದಿಂದಲೇ ಜೋಡಿಸಿಬಿಡುತ್ತಾರೆ.

ಅಕ್ಷರದ ಗಾತ್ರದ್ದೊಂದು ಮಾತು. ಡ್ರ್ಯಾಗ್ ಆಂಡ್ ಡ್ರಾಪ್‌ನ ಹಾಳೆ ಅದಾಗಿಯೇ 620ಕ್ಕೆ 310 ಪಿಕ್ಸೆಲ್ ಅಗಲದ ಅಡ್ಡ ಆಕಾರದಲ್ಲಿ ತೆರೆಯುತ್ತದೆ. 360 ಪಿಕ್ಸೆಲ್ ಅಗಲದ ಫೋನಿನಲ್ಲಿ ಅದು ಶೇ. 58ಕ್ಕೆ ಕುಗ್ಗುತ್ತದೆ, 16ರ ಅಕ್ಷರ 9ಕ್ಕೆ ಇಳಿಯುತ್ತದೆ. ಇಂಗ್ಲಿಷ್ ಆದರೆ ಹೇಗೋ ಓದಬಹುದು, ನಮ್ಮ ಒತ್ತಕ್ಷರ ಕಲಸಿ ಹೋಗುತ್ತದೆ. ಶುರುವಿನಲ್ಲೇ ಹಾಳೆಯನ್ನು 400ಕ್ಕೆ 600 ಎಂದು ಉದ್ದಕ್ಕೆ ಬದಲಿಸಿ. ಪೆಟ್ಟಿಗೆಯೊಳಗೆ ಬರೆಯುವ ಕಡೆಯೆಲ್ಲ ಕೆಳಗೆ ಸ್ವಲ್ಪ ಖಾಲಿ ಬಿಡಿ, ಇಲ್ಲವಾದರೆ ಕೊನೆಯ ಸಾಲಿನ ಒತ್ತು ಕತ್ತರಿಸಿ ಹೋಗುತ್ತದೆ. ಶಾಲೆಯ ಉಬುಂಟು ಕಂಪ್ಯೂಟರಿನಲ್ಲಿ ಕನ್ನಡದ ಬದಲು ಚೌಕಗಳು ಕಂಡರೆ ಗುಬ್ಬಿ ಅಥವಾ ನವಿಲು ಫಾಂಟ್ ಹಾಕಿದರೆ ಸರಿಯಾಗುತ್ತದೆ.

ಪೆರ್ಲ_ತೋಟ:

ಟೀಚರ್, ಮಾಷ್ಟ್ರೇ, ಎಲ್ಲರಿಗೂ ಧನ್ಯವಾದ. ಮೂರು ಕಾಲಂ ಬರೆದು ಲೂಮಿ ಹಾಕಿ ಕೆಲಸ ಶುರುವಾಗಿದೆ. ಎರಡು ಸಂಶಯ. ಮಿಶ್ರಣದ ಪ್ರಮಾಣ ಕೇಳುವ ಖಾಲಿ ಜಾಗಕ್ಕೆ ಉತ್ತರ \*1:1\* ಎಂದು ಕೊಟ್ಟರೆ, 1 ಎಂದು ಮಾತ್ರ ಬರೆದವರಿಗೂ ಸರಿ ಎನ್ನುತ್ತದೆ, ಪೂರ್ತಿ 1:1 ಬರೆದರೆ ತಪ್ಪೆನ್ನುತ್ತದೆ. ಇನ್ನೊಂದು, ಎಚ್‌ಟಿಎಂಎಲ್ ಆಗಿ ಹೊರತೆಗೆದದ್ದು 60 ಎಂಬಿ ದಾಟಿದೆ, ಕೆಲವು ಫೋನುಗಳಲ್ಲಿ ಬಿಳಿ ಪುಟ ಬಿಟ್ಟರೆ ಏನೂ ಕಾಣುವುದಿಲ್ಲ.

ಮಂಜೇಶ್ವರ_ಲಿಪಿ:

ಮೊದಲನೆಯದಕ್ಕೆ: ನಕ್ಷತ್ರಗಳ ನಡುವೆ ಕೋಲನ್ ಬಂದರೆ ಅದರ ಮುಂದಿನದ್ದೆಲ್ಲ ಸುಳಿವು ಎಂದು ಅದು ತಿಳಿಯುತ್ತದೆ. ನಿಮ್ಮ ಪ್ರಶ್ನೆಯಲ್ಲಿ ಉತ್ತರ 1, ಸುಳಿವೂ 1. ಓರೆಗೆರೆಗೂ ಅದೇ ಗತಿ, ಅರ್ಧ ಎನ್ನಲು 1 ಮತ್ತು 2ರ ನಡುವೆ ಗೆರೆ ಹಾಕಿದರೆ 1 ಬರೆದರೂ ಸರಿ, 2 ಬರೆದರೂ ಸರಿ. ಪ್ರಮಾಣವನ್ನು ಎರಡು ಖಾಲಿ ಜಾಗವಾಗಿ ಒಡೆಯಿರಿ: "100 ಲೀಟರ್ ನೀರಿಗೆ ತುತ್ತು \*1\* ಕಿಲೋ, ಸುಣ್ಣ \*1\* ಕಿಲೋ".

ಬದಿಯಡ್ಕ_ಟೀಚರ್:

ಎರಡನೆಯದು ನನಗಿರಲಿ. ಫೋನ್ ಕ್ಯಾಮರಾದಿಂದ ತೆಗೆದ ಫೋಟೋಗಳನ್ನು ಹಾಗೇ ಹಾಕಿರಬೇಕು, ಒಂದೊಂದು 4–5 ಎಂಬಿ ಇರುತ್ತದೆ. ಅಗಲ 1280 ಪಿಕ್ಸೆಲಿಗೆ ಇಳಿಸಿ, ಜೆಪಿಇಜಿ ಗುಣಮಟ್ಟ 75ಕ್ಕೆ ಇಟ್ಟು ಉಳಿಸಿ. ಸಾಮಾನ್ಯವಾಗಿ 150 ಕೆಬಿ ಆಸುಪಾಸಿಗೆ ಬರುತ್ತದೆ, ನಳ್ಳಿಯ (ಎಳೆ ಅಡಿಕೆಯ) ಮೇಲಿನ ಕೊಳೆಯ ಕಲೆ ಆಗಲೂ ಚೆನ್ನಾಗಿಯೇ ಕಾಣುತ್ತದೆ. ಧ್ವನಿ ಹಾಕಿದ್ದರೆ ಮೋನೋ, 64 ಕೆಬಿಪಿಎಸ್ ಎಂಪಿ3 ಸಾಕು; ನಿಮಿಷಕ್ಕೆ 480 ಕೆಬಿ. ಆ 20 ಸೆಕೆಂಡಿನ ವಿಡಿಯೋವನ್ನು ಉಚಿತ ತಂತ್ರಾಂಶ ಹ್ಯಾಂಡ್‌ಬ್ರೇಕಿನಲ್ಲಿ 480ಪಿಗೆ ಇಳಿಸಿ, ಚಿತ್ರಕ್ಕೆ 500 ಕೆಬಿಪಿಎಸ್ ಕೊಟ್ಟರೆ ಧ್ವನಿ ಸೇರಿ ಒಂದೂವರೆ ಎಂಬಿಯೊಳಗೆ ನಿಲ್ಲುತ್ತದೆ. ಎಂಪಿ4 ಆಗಿರಲಿ, ಬೇರೆ ರೂಪದ್ದನ್ನು ಬ್ರೌಸರ್ ಆಡಿಸದೇ ಹೋಗಬಹುದು.

ಲೂಮಿಯಲ್ಲಿ ಎಚ್‌ಟಿಎಂಎಲ್ ಎರಡು ಬಗೆಯಲ್ಲಿ ಹೊರಬರುತ್ತದೆ. ಎಲ್ಲವೂ ಒಂದೇ ಫೈಲಿನೊಳಗೆ, ಅಥವಾ ಒಂದು ಫೈಲ್ ಮತ್ತು ಪಕ್ಕದಲ್ಲಿ ಚಿತ್ರ-ವಿಡಿಯೋಗಳು. ಒಂದೇ ಫೈಲ್ ಮಾಡಿದಾಗ ಚಿತ್ರ-ವಿಡಿಯೋವನ್ನು ಅಕ್ಷರಗಳ ಸಾಲಾಗಿ ಬದಲಿಸಿ ಒಳಗೆ ತುಂಬುತ್ತದೆ, ಅದರಿಂದ ಗಾತ್ರ ಮೂರನೇ ಒಂದು ಪಾಲಿನಷ್ಟು ಏರುತ್ತದೆ. ಆದರೂ ಫೋನಿಗೆ ಅದೇ ಬೇಕು. ವಾಟ್ಸ್ಆ್ಯಪಿನಿಂದ ತೆರೆದ ಫೈಲಿಗೆ ಪಕ್ಕದ ಫೈಲುಗಳು ಸಿಗುವುದಿಲ್ಲ. ಶಾಲೆಯ ಲ್ಯಾಬಿಗೆ ಎರಡನೇ ಬಗೆ.

ಬಿಳಿ ಪುಟಕ್ಕೆ ಗಾತ್ರವೊಂದೇ ಕಾರಣವಲ್ಲ. ಕೆಲವು ಫೋನುಗಳು ಎಚ್‌ಟಿಎಂಎಲ್ ಫೈಲನ್ನು ತಮ್ಮದೇ ಸರಳ ವೀಕ್ಷಕದಲ್ಲಿ ತೆರೆಯುತ್ತವೆ, ಅದರಲ್ಲಿ ಸ್ಕ್ರಿಪ್ಟ್ ಓಡುವುದಿಲ್ಲ, ಪಾಠವೆಲ್ಲ ಸ್ಕ್ರಿಪ್ಟೇ. ಡಾಕ್ಯುಮೆಂಟ್ ಆಗಿ ಕಳಿಸಿ, "ಫೈಲ್ ಒತ್ತಿದಾಗ ಕ್ರೋಮ್ ಆರಿಸಿ" ಎಂದು ಜೊತೆಗೆ ಒಂದು ಸಾಲು ಬರೆಯಿರಿ. ಹಿಂದೆ ಬೇರೆ ವೀಕ್ಷಕವನ್ನು "ಯಾವಾಗಲೂ" ಎಂದು ಆರಿಸಿದ್ದರೆ ಫೋನಿನ ಆ್ಯಪ್ ಸೆಟ್ಟಿಂಗಿನಲ್ಲಿ ಅದರ ಡೀಫಾಲ್ಟ್ ಅಳಿಸಬೇಕು.

ಯಾರು ಎಷ್ಟು ಅಂಕ ತೆಗೆದರು ಎಂಬ ಲೆಕ್ಕ ಬೇಕಿದ್ದರೆ ಮೂಡಲ್ ಎಂಬ ಆನ್‌ಲೈನ್ ತರಗತಿಯ ತಂತ್ರಾಂಶ ಬೇಕಾಗುತ್ತದೆ. 3.9ನೇ ಆವೃತ್ತಿಯಿಂದ, ಅಂದರೆ 2020ರಿಂದ, ಅಂಕ ದಾಖಲಿಸುವ ಚಟುವಟಿಕೆಯಾಗಿ ಎಚ್‌ಫೈವ್‌ಪಿ ಅದರೊಳಗೇ ಇದೆ. ಮೂಲ ಫೈಲ್ ಏರಿಸಿದರೆ ಅಂಕ ತಾನಾಗಿ ದಾಖಲಾಗುತ್ತದೆ. ವರ್ಡ್‌ಪ್ರೆಸ್ ಜಾಲತಾಣ ಇದ್ದವರಿಗೆ ಅದರ ಪ್ಲಗಿನ್ನೂ ಉಂಟು. ಎರಡರಲ್ಲೂ ಏರಿಸುವಾಗ ಕಾರಣ ಹೇಳದೆ ನಿಂತರೆ ಸರ್ವರಿನ ಮಿತಿ ನೋಡಿಸಿ. ಪಿಎಚ್‌ಪಿಯಲ್ಲಿ ಯಾರೂ ಬದಲಿಸದಿದ್ದರೆ ಒಂದು ಫೈಲಿಗೆ 2 ಎಂಬಿ ಮಾತ್ರ ಬಿಡುತ್ತದೆ. ಹೋಸ್ಟಿಂಗ್‌ನವರಿಗೆ ಹೇಳಿದರೆ ಏರಿಸಿಕೊಡುತ್ತಾರೆ.

ತಾಳವಾಡಿ_ಕಲಿಕೆ:

ನಿಮ್ಮ ಕಡೆಯ ಬೆಳೆ ನಮ್ಮದಲ್ಲ, ಪಾಠ ಮಾಡುವ ದಾರಿ ಒಂದೇ. ಧ್ವನಿ ಹಾಕುವವರಿಗೆ: ಫ್ಯಾನ್ ಆರಿಸಿ, ಫೋನನ್ನು ಬಾಯಿಂದ ಒಂದು ಗೇಣು ದೂರ, ತುಸು ಪಕ್ಕಕ್ಕೆ ಹಿಡಿಯಿರಿ. ಶುರುವಿನಲ್ಲಿ ಎರಡು ಸೆಕೆಂಡ್ ಏನೂ ಮಾತಾಡದೆ ಬಿಟ್ಟರೆ ಆ ತುಂಡನ್ನು ಆಡಾಸಿಟಿ ಎಂಬ ಧ್ವನಿ ತಿದ್ದುವ ತಂತ್ರಾಂಶದಲ್ಲಿ ಗುರುತಿಸಿ ಉಳಿದ ಕಡೆಯ ಗುಂಯ್‌ಗುಡುವ ಸದ್ದು ತೆಗೆಯಬಹುದು. ತೀರಾ ಎಳೆದರೆ ಮಾತು ತಗಡಿನ ಡಬ್ಬದೊಳಗಿಂದ ಬಂದಂತಾಗುತ್ತದೆ, ಸ್ವಲ್ಪವೇ ತೆಗೆಯಿರಿ. ಒಂದು ಪುಟಕ್ಕೆ ಒಂದು ಧ್ವನಿ ಫೈಲ್ ಇರಲಿ. ಪ್ರಮಾಣ ಬದಲಾದ ದಿನ ಅಷ್ಟನ್ನೇ ಮತ್ತೆ ಓದಿದರಾಯಿತು.

ಚಿತ್ರದ ಹಕ್ಕಿನ ಕಡೆ ಗಮನ ಕೊಡಿ. ಪಠ್ಯಪುಸ್ತಕದ ಪುಟ ಸ್ಕ್ಯಾನ್ ಮಾಡಿ ಹಾಕುವ ಹಾಗಿಲ್ಲ. ನಿಮ್ಮದೇ ಫೋಟೋ ಎಲ್ಲಕ್ಕಿಂತ ಒಳ್ಳೆಯದು. ವಿಕಿಮೀಡಿಯಾ ಕಾಮನ್ಸಿನಿಂದ ತಂದದ್ದಕ್ಕೆ ತೆಗೆದವರ ಹೆಸರು, ಪರವಾನಗಿ ಹಾಕಬೇಕು. ಎಚ್‌ಫೈವ್‌ಪಿಯಲ್ಲಿ ಪ್ರತಿ ಚಿತ್ರದ ಕೆಳಗೆ ಅದಕ್ಕೆಂದೇ ಜಾಗವಿದೆ. ನಿಮ್ಮ ಪಾಠಕ್ಕೂ ಒಂದು ಪರವಾನಗಿ ಬರೆಯಿರಿ, ಕ್ರಿಯೇಟಿವ್ ಕಾಮನ್ಸಿನ ಬಿವೈ-ಎಸ್‌ಎ 4.0 ಕೊಟ್ಟರೆ ಬೇರೆಯವರು ತಿದ್ದಿ, ನಿಮ್ಮ ಹೆಸರು ಉಳಿಸಿ, ಅದೇ ಷರತ್ತಿನಲ್ಲಿ ಹಂಚಬಹುದು. ಆದರೆ ಎಚ್‌ಟಿಎಂಎಲ್ ಮಾತ್ರ ಹಂಚಿದರೆ ತಿದ್ದಲು ಕೈಗೆ ಏನೂ ಸಿಗುವುದಿಲ್ಲ. ಲೂಮಿಯಲ್ಲಿ ಉಳಿಸಿದ ಮೂಲ ಎಚ್‌ಫೈವ್‌ಪಿ ಫೈಲನ್ನೂ ಜೊತೆಗೆ ಇಡಿ. ಮಹಾಳಿ ಎನ್ನುವ ಕಡೆ ಮಹಾಳಿ, ಕೊಳೆ ಎನ್ನುವ ಕಡೆ ಕೊಳೆ ಎಂದು ಬದಲಿಸಿಕೊಳ್ಳಲು ಅದು ಬೇಕೇ ಬೇಕು.

ಮೊದಲ ಪುಟದಲ್ಲಿ ತಿಂಗಳು, ವರ್ಷ ಹಾಕಿ. ಶಿಫಾರಸು ಯಾರದ್ದು ಎಂದೂ ಹೇಳಿ. ಅಡಿಕೆಗೆ ಕಾಸರಗೋಡಿನ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆ ಸಿಪಿಸಿಆರ್‌ಐ, ಅದರ ವಿಟ್ಲದ ಕೇಂದ್ರ ನಿಮಗೆ ಹತ್ತಿರದಲ್ಲೇ ಇವೆ. "ಮಳೆ ಹಿಡಿಯುವ ಮೊದಲು ಒಮ್ಮೆ, 40–45 ದಿನ ಬಿಟ್ಟು ಇನ್ನೊಮ್ಮೆ" ಎಂಬಂಥ ಸಾಲನ್ನು ಪಾಠದ ಐದು ಕಡೆ ಬರೆದರೆ ತಿದ್ದುವ ದಿನ ಒಂದಾದರೂ ತಪ್ಪಿ ಉಳಿಯುತ್ತದೆ. ಒಂದೇ ಪುಟದಲ್ಲಿ ಬರೆದು, ಬೇರೆ ಕಡೆ "ವೇಳಾಪಟ್ಟಿ ನೋಡಿ" ಎಂದು ಕಳಿಸಿ.

ಹಂಚುವ ಮೊದಲು ಮೂರು ನಾಲ್ಕು ಮಂದಿಯ ಕೈಗೆ ಕೊಟ್ಟು ಪಕ್ಕದಲ್ಲಿ ಕುಳಿತುಕೊಳ್ಳಿ. ಹೇಳಿಕೊಡಬೇಡಿ. ಎಲ್ಲಿ ಬೆರಳು ನಿಲ್ಲುತ್ತದೆ, ಎಲ್ಲಿ ಎರಡು ಸಲ ಒತ್ತುತ್ತಾರೆ, ಅಷ್ಟನ್ನೇ ಬರೆದುಕೊಳ್ಳಿ. ಎಲ್ಲರೂ ಮೊದಲ ಸಲವೇ ಸರಿ ಹೇಳಿದ ಪ್ರಶ್ನೆಯ ತಪ್ಪು ಆಯ್ಕೆಗಳು ಸಪ್ಪೆ ಎಂದರ್ಥ, ಎರಡನೇ ಕಾಲಂಗೆ ಹೋಗಿ ಬೇರೆ ಹಾಕಿ. ಎಲ್ಲರೂ ತಪ್ಪಿದ್ದರೆ ಪ್ರಶ್ನೆಯ ವಾಕ್ಯವನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿ. ಓದುವಾಗ ತಡವರಿಸಿದ ಜಾಗದಲ್ಲಿ ವಾಕ್ಯ ಒಡೆದು ಎರಡು ಮಾಡಿ.

ಪೆರ್ಲ_ತೋಟ:

ಫೋಟೋ ಇಳಿಸಿ, ಒಂದೇ ಫೈಲ್ ಮಾಡಿದ್ದೇ 9 ಎಂಬಿಗೆ ಬಂತು, ಕ್ರೋಮಿನಲ್ಲಿ ತೆರೆಯುತ್ತದೆ. ಪ್ರಮಾಣದ ಪ್ರಶ್ನೆ ಎರಡು ಜಾಗ ಮಾಡಿದ್ದೂ ಸರಿಯಾಯಿತು. ಮಾಸ್ತರರು ಹೇಳಿದ ಹಾಗೆ ಆಮ್ಲ-ಪ್ರತ್ಯಾಮ್ಲದ ಭಾಗವನ್ನು ಬೇರೆಯೇ ಸಣ್ಣ ಪಾಠ ಮಾಡುತ್ತೇನೆ, ಮೂಲ ಫೈಲ್ ಸಮೇತ ಇಲ್ಲೇ ಹಾಕುತ್ತೇನೆ. ದ್ರಾಕ್ಷಿಯ ಫೋಟೋ ಇದ್ದರೆ ಅಕ್ಕಲಕೋಟೆಯಿಂದ ಕಳಿಸಿ ಮಾಸ್ತರೇ, ತೆಗೆದವರ ಹೆಸರೂ ಜೊತೆಗಿರಲಿ.